ಅವಳ ಕುತ್ತಿಗೆ, ಅವರ ಬೆಲ್ಟು

ಸೂರ್ಯ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತಿದ್ದ. ವಿಚಾರಣೆಯಕ್ಕ ಅಷ್ಟರಲ್ಲಾಗಲೇ ಹಿಂದಿನ ದಿನದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಳು. ನೀರಿನ ಮೋಟರು ಹಾಕಿ, ಟ್ಯಾಂಕು ಉಕ್ಕಿ ಪಕ್ಕದ ಮನೆಯವರ ಬಾಯಿಗೆ ಕೆಲಸ ಕೊಡುವ ಮುಂಚೆ ಓಡಿಹೋಗಿ ಆರಿಸಿದ್ದಳು. ಹಾಲು ಕಾಯಿಸಿದ್ದಳು. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ತುಂಬಿಸಿ ಕೊಟ್ಟಿದ್ದಳು. ಮೂರು ಬಗೆಯ ತರಕಾರಿ ಹೆಚ್ಚಿದ್ದಳು. ಯಾಕೆಂದರೆ ಗಂಡನಿಗೆ ಬದನೆಕಾಯಿ ಕಂಡರಾಗದು, ಮಗಳಿಗೆ ಬದನೆಕಾಯಿ ಬಿಟ್ಟು ಬೇರೆ ಆಗದು, ಅತ್ತೆಗೆ ಯಾವುದಾದರೂ ಆದೀತು, ಆದರೆ ಹಲ್ಲಿಗೆ ಕೆಲಸ ಇರಬಾರದು! ಗಂಡನ ಅಂಗಿ ಇಸ್ತ್ರಿ ಮಾಡಿದ್ದಳು. ಮಗಳನ್ನು ಎಬ್ಬಿಸುವ ಮೊದಲ ಪ್ರಯತ್ನ ಮಾಡಿ ಸೋತಿದ್ದಳು. ಬಟ್ಟೆ ಒಗೆದು, ಹಿಂಡಿ, ಹಗ್ಗದ ಮೇಲೆ ಹರವಿದ್ದಳು. ಹರವಿದ್ದು ಒಂದೇ ಕೈಯಲ್ಲಿ.

ಒಂದೇ ಕೈ ಯಾಕೆಂದರೆ, ಬಲಗೈ ಭುಜದಿಂದ ಮೇಲೇಳಲು ಒಪ್ಪುತ್ತಿರಲಿಲ್ಲ. ನೋವು ಬಲಗಿವಿಯ ಬುಡದಲ್ಲಿ ಹುಟ್ಟಿ, ಕುತ್ತಿಗೆಯುದ್ದಕ್ಕೂ ಇಳಿದು, ಭುಜದಲ್ಲಿ ಬಿಡಾರ ಹೂಡಿ, ಮೊಣಕೈವರೆಗೂ ಬೇಲಿ ಹಾಕಿಕೊಂಡು ಕೂತಿತ್ತು. ಒಳಗೆ ಯಾರೋ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಿಂಡುವವರಿಗಾದರೂ ಒಂದು ದಿನ ರಜೆ ಬೇಡವೇ?

ವಿಚಾರಣೆಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಅವಳ ಕೆಲಸ. ಕಂಡಕ್ಟರುಗಳು ಹಾಗೆ ಕರೆದರು, ಊರೂ ಹಾಗೇ ಕರೆಯಿತು. ಗಾಜಿನ ಕಿಂಡಿಯಲ್ಲಿ ಒಬ್ಬರು ಕೇಳುತ್ತಿರುವಾಗ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನಿನಲ್ಲಿ ಇನ್ನೊಬ್ಬರು ಕೇಳುತ್ತಿದ್ದರು. ಯಾವ ಬಸ್ಸು ಯಾವ ಅಂಕಣದಲ್ಲಿ, ಯಾವುದು ಹೊರಟಿತು, ಯಾವುದು ಕೆಟ್ಟು ನಿಂತಿತು, ಎಲ್ಲಾ ಅವಳ ನಾಲಿಗೆಯ ತುದಿಯಲ್ಲಿ! ಆ ಕುರ್ಚಿಯಲ್ಲಿ ಕೂತಂದಿನಿಂದ ‘ಗೊತ್ತಿಲ್ಲ’ ಎಂಬ ಮಾತು ಅವಳ ಬಾಯಿಂದ ಬಂದದ್ದಿಲ್ಲ. ಅದು ಅವಳ ಹೆಮ್ಮೆ. ಮನೆಗೆ ಬಂದರೆ ಅಲ್ಲಿಯೂ ಅದೇ ಕಿಂಡಿ, ಗಾಜೊಂದು ಇಲ್ಲ ಅಷ್ಟೆ. “ಅಮ್ಮಾ, ನನ್ನ ನೀಲಿ ಟಾಪ್ ಎಲ್ಲಿ?” “ಏನಮ್ಮಾ, ನನ್ನ ಗುಳಿಗೆ ಎಲ್ಲಿಟ್ಟೆ?” “ಲೇ, ನನ್ನ ಕನ್ನಡಕ ಎಲ್ಲೇ?” ಅವಳು ಒಲೆಯ ಮುಂದಿನಿಂದಲೇ, ತಿರುಗಿ ಕೂಡ ನೋಡದೆ, ಹೇಳುತ್ತಿದ್ದಳು. ಹೇಳಿದ ಕಡೆ ಅದು ಇದ್ದೇ ಇರುತ್ತಿತ್ತು. ಅದನ್ನು ಅಲ್ಲಿಟ್ಟವಳೂ ಅವಳೇ ತಾನೇ!

ಈಗ ಆ ಕೌಂಟರಿಗೇ ಸಂಚಕಾರ ಬಂದಿತ್ತು. ಬೆಳಿಗ್ಗೆ ಬಸ್ಸುಗಳ ಫಲಕದ ಮೇಲೆ ಊರಿನ ಹೆಸರಿನ ತಗಡುಗಳನ್ನು ತೂಗುಹಾಕುವುದು ಅವಳ ಕೆಲಸ. ಕೈ ಮೇಲೇಳದೆ ಕೆಳಗಿನ ಸಾಲು ತುಂಬಿ, ಮೇಲಿನ ಸಾಲು ಖಾಲಿ ಉಳಿಯತೊಡಗಿತು. ನಿಲ್ದಾಣದ ಮ್ಯಾನೇಜರು ಕರೆದು ಹೇಳಿದ್ದರು: “ಬೇಗ ಸರಿಮಾಡ್ಕೊಳ್ಳಿ. ಇಲ್ಲಾಂದ್ರೆ ಬಿಟ್ಟುಹೋದ ಸಾಮಾನಿನ ಕೋಣೆಗೆ ಹಾಕ್ಬೇಕಾಗುತ್ತೆ.” ಕಿಟಕಿಯೇ ಇಲ್ಲದ ಕೋಣೆ. ಯಾರ್ಯಾರೋ ಮರೆತುಹೋದ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಇಡುವ ಕೆಲಸ! ಕೈ ಎತ್ತಲಾಗದವಳಿಗೆ ಪೆಟ್ಟಿಗೆ ಎತ್ತುವ ಕೆಲಸ ಕೊಡುವ ಬುದ್ಧಿ ಮ್ಯಾನೇಜರುಗಳಿಗಲ್ಲದೆ ಇನ್ಯಾರಿಗೆ ಹೊಳೆದೀತು?

ಇಷ್ಟೆಲ್ಲಾ ಇದ್ದರೂ ಅವಳ ನೋವು ಮನೆಯ ಸಮಸ್ಯೆ ಆಗಿರಲಿಲ್ಲ. ಆ ಬೆಳಿಗ್ಗೆ ಆಯಿತು. ಕಾಫಿ ಲೋಟ ಕೊಡುವಾಗ ಭುಜ ಸೆಳೆದು, ಆಗಷ್ಟೇ ಇಸ್ತ್ರಿಯಾದ ಗಂಡನ ಬಿಳಿ ಅಂಗಿಯ ಮೇಲೆ ಕಾಫಿ ಚೆಲ್ಲಿತು.

“ಸಾಕು!” ಗಂಡ ಎದ್ದು ನಿಂತರು. “ಇದಕ್ಕೊಂದು ಗತಿ ಕಾಣಿಸಲೇಬೇಕು. ಇವತ್ತಿನಿಂದ ನಿನ್ನ ಕುತ್ತಿಗೆ ನನ್ನ ಜವಾಬ್ದಾರಿ ಕಣೇ! ಈ ಊರಲ್ಲಿ ಇದಕ್ಕೆ ಸರಿಯಾದ ಡಾಕ್ಟರು ಯಾರು ಅಂತ ನಾನು ಹುಡುಕ್ತೀನಿ. ಹುಡುಕದೆ ಇದ್ರೆ ಕೇಳು!”

“ರೀ, ನಾನೇ ಒಂದು ಸಲ ಹೋಗಿ…”

“ನಿನಗೆ ಅವೆಲ್ಲಾ ಗೊತ್ತಾಗಲ್ಲ. ಡಾಕ್ಟರ ಹತ್ರ ಮಾತಾಡೋದೂ ಒಂದು ಕಲೆ. ಹೇಳೋ ಹಾಗೆ ಹೇಳಿದ್ರೆ ಅರ್ಧ ಕಾಯಿಲೆ ಅಲ್ಲೇ ವಾಸಿ!”

ಹೇಳುವ ಕಲೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಒಪ್ಪಬೇಕು. ಗೃಹೋಪಯೋಗಿ ಯಂತ್ರಗಳ ದೊಡ್ಡ ಅಂಗಡಿಯಲ್ಲಿ ಗಿರಾಕಿಗಳೆದುರು ಯಂತ್ರ ನಡೆಸಿ ತೋರಿಸುವುದು ಅವರ ಉದ್ಯೋಗ. ಅಂಗಡಿಯಲ್ಲಿ ‘ಡೆಮೋ ಸಾಹೇಬರು’ ಎಂದೇ ಪ್ರಸಿದ್ಧರು. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ನಿಂತು, “ಇದೊಂದು ಗುಂಡಿ ಒತ್ತಿ ಮೇಡಂ, ಆಮೇಲೆ ನೀವು ರಾಣಿ!” ಎಂದು ಅವರು ಅಂದರೆ ಹೆಂಗಸರ ಕಣ್ಣಲ್ಲಿ ನೀರೇ ಬರಬೇಕು. ಮನೆಗೆಲಸದ ಕಷ್ಟವನ್ನು ಅವರಷ್ಟು ಮನಮುಟ್ಟುವಂತೆ ಬಣ್ಣಿಸುವ ಗಂಡಸು ಈ ಭೂಮಂಡಲದಲ್ಲಿಲ್ಲ. ಅವರ ಮನೆಯಲ್ಲಿ ಮಾತ್ರ ಆ ಯಂತ್ರ ಇರಲಿಲ್ಲ. “ಯಂತ್ರದಲ್ಲಿ ಬಟ್ಟೆ ಬೇಗ ಹಾಳಾಗುತ್ತೆ ಕಣೇ, ಒಳಗಿನ ಗುಟ್ಟು ನನಗೆ ಗೊತ್ತಲ್ಲ!” ಎನ್ನುತ್ತಿದ್ದರು. ಊರಿಗೆಲ್ಲಾ ರಾಣಿಯರು, ಮನೆಯಲ್ಲೊಬ್ಬಳು ಕಲ್ಲಿನ ಮೇಲೆ ಕುಕ್ಕಲಿ!

ಮೊದಲು ಮೂಳೆ ಡಾಕ್ಟರು. ಮೇಜಿನ ಆಚೆ ಅವರು, ಈಚೆ ಇವರಿಬ್ಬರು. “ಏನು ತೊಂದರೆ?” ಎಂದು ಡಾಕ್ಟರು ಅವಳನ್ನು ಕೇಳಿ ಬಾಯಿ ಮುಚ್ಚುವ ಮೊದಲೇ ಡೆಮೋ ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

“ನೋಡಿ ಡಾಕ್ಟ್ರೇ, ನೋವು ಇಲ್ಲಿ ಸ್ಟಾರ್ಟ್ ಆಗುತ್ತೆ.” ತಮ್ಮದೇ ಕಿವಿಯ ಬುಡಕ್ಕೆ ಬೆರಳಿಟ್ಟು, ಮಿಕ್ಸಿಯ ಸ್ವಿಚ್ಚು ತೋರಿಸುವ ನಯದಲ್ಲಿ ಹೇಳಿದರು. “ಇಲ್ಲಿಂದ ಹೀಗೆ ಇಳಿದು, ಇಲ್ಲಿ ತಿರುಗಿ, ಇಲ್ಲಿಗೆ ಬಂದು ನಿಲ್ಲುತ್ತೆ. ಕೈ ಇಷ್ಟು ಎತ್ತಿದ್ರೆ ಪರವಾಗಿಲ್ಲ. ಇಷ್ಟು ಎತ್ತಿದ್ರೆ… ಹಾ! ಹೀಗಾಗುತ್ತೆ!” ಹಲ್ಲು ಕಚ್ಚಿ, ಮುಖ ಕಿವುಚಿ ತೋರಿಸಿದರು. ಗಿರಾಕಿ ಬೇರೆ ಅಂಗಡಿಗೆ ಹೋಗಲು ಸಾಧ್ಯವೇ ಇಲ್ಲ, ಅಷ್ಟು ಚೆನ್ನಾಗಿ!

ವಿಚಾರಣೆಯಕ್ಕ ಕೈಚೀಲ ಹಿಡಿದು ಕೂತಿದ್ದಳು. ಆ ಕೋಣೆಯಲ್ಲಿ ಅವಳ ಪಾತ್ರ ಅಷ್ಟೆ.

ಎಕ್ಸ್‌ರೇ ತೆಗೆಸಿದ್ದಾಯಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಂಡರು. “ಎಂಥಾ ಚೆನ್ನಾಗಿರೋ ಮೂಳೆಗಳು! ಏನೂ ತೊಂದರೆ ಇಲ್ಲ.”

“ನೋವಿದೆಯಲ್ಲ ಡಾಕ್ಟ್ರೇ,” ಅಂದಳು ಅವಳು ಮೆಲ್ಲಗೆ.

ಡಾಕ್ಟರು ಎಕ್ಸ್‌ರೇಯನ್ನು ಇನ್ನೊಮ್ಮೆ ನೋಡಿದರು. “ಇದರಲ್ಲಿ ಕಾಣಿಸ್ತಿಲ್ಲ.”

ಫೋಟೋದಲ್ಲಿ ಬೀಳದ್ದು ಲೋಕದಲ್ಲೇ ಇಲ್ಲ! ದಾರಿಯುದ್ದಕ್ಕೂ ಡೆಮೋ ಸಾಹೇಬರಿಗೆ ಹಿಗ್ಗು. “ಕೇಳಿಸ್ಕೊಂಡ್ಯಾ? ಫಸ್ಟ್ ಕ್ಲಾಸ್ ಮೂಳೆ ಅಂತೆ! ನಮ್ಮ ಮನೆ ಊಟ ಅಂದ್ರೆ ಸುಮ್ನೇನಾ?” ಅಡುಗೆ ಮಾಡಿ ಹಾಕಿದವರು ಯಾರೆಂಬ ಮಾತು ಅಲ್ಲಿ ಬರಲಿಲ್ಲ.

ಆಮೇಲೆ ನರದ ಡಾಕ್ಟರು. ಡೆಮೋ ಮತ್ತೊಮ್ಮೆ ನಡೆಯಿತು. ಈ ಸಲ ಮೊಣಕೈಯಲ್ಲಿ ನೋವು ಬಂದು ನಿಲ್ಲುವ ಕಡೆ ಬಾಯಲ್ಲಿ ‘ಜುಂಯ್’ ಎಂಬ ಶಬ್ದವೂ ಸೇರಿತ್ತು. ಡಾಕ್ಟರು ಪುಟ್ಟ ಸುತ್ತಿಗೆಯಿಂದ ಅವಳ ಮೊಣಕಾಲಿಗೆ ಹೊಡೆದರು. ಕಾಲು ಹಾರಿತು. ಕುತ್ತಿಗೆಯ ನೋವಿಗೆ ಕಾಲು ಹಾರಿದ್ದು ನೋಡಿ ಡಾಕ್ಟರಿಗೂ ಗಂಡನಿಗೂ ತೃಪ್ತಿಯಾಯಿತು. ದೊಡ್ಡ ಯಂತ್ರದ ಕೊಳವೆಯೊಳಗೆ ಅವಳನ್ನು ತಳ್ಳಿದಾಗ ಸಾಹೇಬರು ಹೊರಗೆ ನಿಂತು ಆ ಯಂತ್ರಕ್ಕೆ ವಾರಂಟಿ ಎಷ್ಟು, ಕರೆಂಟು ಎಷ್ಟು ಎಳೆಯುತ್ತೆ ಎಂದು ವಿಚಾರಿಸಿದರು. ಅಲ್ಲಿಯೂ ಏನೂ ಕಾಣಲಿಲ್ಲ. ಇರಲಿ ಅಂತ ಒಂದು ಗುಳಿಗೆ ಕೊಟ್ಟರು.

ಆ ಗುಳಿಗೆ ನೋವನ್ನು ಅಲ್ಲೇ ಬಿಟ್ಟು ಉಳಿದವಳನ್ನೆಲ್ಲಾ ಮಲಗಿಸಿತು. ಮರುದಿನ ಕೌಂಟರಿನಲ್ಲಿ ಕಣ್ಣೆಳೆಯುತ್ತಾ ಮೈಕು ಹಿಡಿದ ವಿಚಾರಣೆಯಕ್ಕ ಅಂಕಣಗಳನ್ನೇ ಅದಲು ಬದಲು ಮಾಡಿ ಕೂಗಿದಳು. ಬಂದರಿಗೆ ಹೋಗಬೇಕಿದ್ದವರು ಬೆಟ್ಟ ಹತ್ತಿದರು, ಬೆಟ್ಟಕ್ಕೆ ಹೋಗಬೇಕಿದ್ದವರು ಮೀನಿನ ವಾಸನೆ ಕುಡಿದು ಬಂದರು! ಇಡೀ ಕಬಡ್ಡಿ ತಂಡವೊಂದು ಎದುರಾಳಿಗಳೇ ಇಲ್ಲದ ಊರಿನಲ್ಲಿ ಇಳಿದು, ಗೆದ್ದೆವೋ ಸೋತೆವೋ ತಿಳಿಯದೆ ವಾಪಸಾಯಿತು. ಮ್ಯಾನೇಜರು ಕರೆದರು. “ತಿಂಗಳ ಕೊನೆಯವರೆಗೆ ನೋಡ್ತೀನಿ. ಆಮೇಲೆ ಸಾಮಾನಿನ ಕೋಣೆಯೇ ಗತಿ.” ಅವಳ ಕಣ್ಣ ಮುಂದೆ ಕಿಟಕಿಯಿಲ್ಲದ ಗೋಡೆ ಬಂದು ನಿಂತಿತು.

ಮೂರನೆಯವರು ಬಲು ದೊಡ್ಡ ಡಾಕ್ಟರು. ಎಷ್ಟು ದೊಡ್ಡವರೆಂದರೆ ರೋಗಿಯ ಮುಖ ನೋಡುವಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಎಕ್ಸ್‌ರೇ, ಸ್ಕ್ಯಾನು ಎಲ್ಲಾ ತಿರುವಿ ಹಾಕಿ, ಗೋಡೆಗೆ ಹೇಳಿದರು: “ಎಲ್ಲಾ ಮನಸ್ಸಲ್ಲೇ ಇರೋದು. ಸ್ವಲ್ಪ ಸಂತೋಷವಾಗಿರಿ.”

ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲ! ಮನೆಗೆ ಬಂದು ಸಾಹೇಬರು ತೀರ್ಪು ಓದಿದರು. ಅತ್ತೆಗೆ ನೋವು ವಾಸಿಯಾದಷ್ಟೇ ಖುಷಿಯಾಯಿತು. “ನಾನು ಆವತ್ತೇ ಹೇಳಿರ್ಲಿಲ್ವಾ? ಬರೀ ಭ್ರಮೆ ಅಂತ. ನಮಗೂ ಕುತ್ತಿಗೆ ಇರ್ಲಿಲ್ವೇನಮ್ಮಾ?”

“ಇತ್ತು ಅತ್ತೆ. ನೋಯ್ತಿರ್ಲಿಲ್ವಾ?”

“ನೋಯ್ತಿತ್ತು. ಹೇಳ್ತಿರ್ಲಿಲ್ಲ.”

ಅತ್ತೆ ಬಿಸಿನೀರಿನ ಚೀಲವನ್ನು ಇನ್ನೊಂದು ಮೊಣಕಾಲಿಗೆ ದಾಟಿಸಿಕೊಂಡರು. ಆ ಮಾತಿನ ಆಳ ಅವರಿಗೇ ತಿಳಿಯಿತೋ ಇಲ್ಲವೋ. ಅವಳಿಗೆ ಮಾತ್ರ ತಿಳಿಯಿತು.

ಅಂದಿನಿಂದ ಮನೆಯಲ್ಲಿ ಸಂತೋಷದ ಚಳವಳಿ ಶುರುವಾಯಿತು. ಗಂಡ ಅಂಗಡಿಯಿಂದ ಫೋನು ಮಾಡಿ, “ಸಂತೋಷವಾಗಿದ್ದೀಯಾ?” ಎಂದು ಕೇಳತೊಡಗಿದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮುಖ ಯಾಕಮ್ಮಾ ಹಾಗಿದೆ? ಡಾಕ್ಟರು ಹೇಳಿದ್ದು ಮರೆತುಹೋಯ್ತಾ?” ಅಂದರು. ಮಗಳಂತೂ ಇನ್ನೂ ಚುರುಕು. “ಅಮ್ಮಾ, ಖುಷಿಯಾಗಿದ್ದೀಯಲ್ವಾ? ಹಾಗಾದ್ರೆ ನನ್ನ ಶೂ ಎಲ್ಲಿದೆ ಹೇಳು!” ಮೊದಲೇ ಇದ್ದ ಕೆಲಸಗಳ ಜೊತೆಗೆ ಸಂತೋಷವಾಗಿರುವ ಕೆಲಸವೂ ಅವಳ ತಲೆಗೇ ಬಿತ್ತು. ಅದಕ್ಕೂ ತಪಾಸಣೆ ಬೇರೆ! ಒಂದು ವಾರದ ಸಂತೋಷಕ್ಕೆ ನೋವು ಮೊಣಕೈ ದಾಟಿ ಕಿರುಬೆರಳಿಗೆ ಇಳಿಯಿತು.

ಕೌಂಟರಿಗೆ ಬರುವ ಒಬ್ಬ ಮುದಿ ಪ್ರಯಾಣಿಕಳು ನೋವಿನ ಡಾಕ್ಟರೊಬ್ಬರ ವಿಷಯ ಹೇಳಿದ್ದು ಆಗಲೇ. ಹಳೇ ಆಸ್ಪತ್ರೆಯ ಓಣಿಯಂಥ ಪಡಸಾಲೆಯ ಕಟ್ಟಕಡೆಯ ಕೋಣೆ. ಹೆಂಗಸು ಡಾಕ್ಟರು. ಫೋಟೋದಲ್ಲಿ ಬೀಳದ ನೋವುಗಳನ್ನೇ ನೋಡುವವರು, ಮೈ ಮನಸ್ಸು ಎರಡನ್ನೂ ಒಟ್ಟಿಗೇ ವಿಚಾರಿಸುವವರು. ವಿಷಯ ಕೇಳಿದ ಡೆಮೋ ಸಾಹೇಬರು, “ನಾನೇ ಹುಡುಕಿದ್ದು!” ಎಂದು ಅಂಗಡಿಯಲ್ಲೆಲ್ಲಾ ಹೇಳಿ, ರಜೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಹೊರಟರು.

ಅಲ್ಲಿ ತುಂಬಾ ಹೊತ್ತು ಕಾಯಬೇಕಿತ್ತು. ಸಾಹೇಬರು ಕೂರಲಾರದೆ, ನಿಲ್ಲಲಾರದೆ, ಗಡಿಯಾರಕ್ಕೆ ಬೈಯುತ್ತಾ ಅತ್ತಿಂದಿತ್ತ ತಿರುಗಿದರು. ಒಳಗೆ ಕರೆದಾಗ ಡಾಕ್ಟರು ಅವಳ ಮುಖ ನೋಡಿ ನಕ್ಕು, “ಬನ್ನಿ, ಕೂತ್ಕೊಳ್ಳಿ. ಹೇಳಿ,” ಅಂದರು. ಎದ್ದವರು ಯಾರು ಎಂದು ಬೇರೆ ಹೇಳಬೇಕೆ?

“ನೋಡಿ ಡಾಕ್ಟ್ರೇ, ನೋವು ಇಲ್ಲಿ ಸ್ಟಾರ್ಟ್…”

“ನೀವು ಕೂತ್ಕೊಳ್ಳಿ. ಅವರು ಹೇಳಲಿ.”

“ಅವಳಿಗೆ ಹೇಳಕ್ಕೆ ಬರಲ್ಲ ಡಾಕ್ಟ್ರೇ. ಇಡೀ ದಿನ ಬಸ್ಸಿನ ಟೈಮು ಹೇಳಿ ಹೇಳಿ ಬೇರೆ ಮಾತೇ ಮರೆತುಹೋಗಿದೆ. ನಾನಾದ್ರೆ ಪೂರ್ತಿ ತೋರಿಸ್ಬಿಡ್ತೀನಿ.”

ಡಾಕ್ಟರು ಅವರನ್ನು ಅಲ್ಲಿಗೇ ಬಿಟ್ಟು ಅವಳ ಕಡೆ ತಿರುಗಿದರು. “ಯಾವಾಗ ನೋಯುತ್ತೆ ಅಂತ ಎಲ್ಲರೂ ಕೇಳಿರ್ತಾರೆ. ನನಗೆ ಇದು ಹೇಳಿ. ನೋವು ಯಾವಾಗ ಇರಲ್ಲ?”

ವಿಚಾರಣೆಯಕ್ಕ ಬಾಯಿ ತೆರೆದಳು. ಉತ್ತರ ಬರಲಿಲ್ಲ! ಊರಿನ ಬಸ್ಸುಗಳೆಲ್ಲಾ ಬಾಯಿಪಾಠ ಇರುವವಳಿಗೆ ತನ್ನದೇ ಕುತ್ತಿಗೆಯ ವೇಳಾಪಟ್ಟಿ ಗೊತ್ತಿರಲಿಲ್ಲ.

ಆ ಮೌನವನ್ನು ಡೆಮೋ ಸಾಹೇಬರು ಸಹಿಸಲಿಲ್ಲ. ಗಿರಾಕಿಯೆದುರು ಮೌನ ಬಂದರೆ ಮಾರಾಟ ಕೆಟ್ಟಂತೆ ಎಂಬುದು ಅವರ ವೃತ್ತಿಧರ್ಮ. “ಇರಲ್ಲ ಅನ್ನೋ ಪ್ರಶ್ನೆಯೇ ಇಲ್ಲ ಡಾಕ್ಟ್ರೇ! ಫುಲ್ ಲೋಡಿನಲ್ಲಿ ಹೇಗಿರುತ್ತೆ ನೋಡಿ!” ಎಂದವರೇ ಬಲಗೈ ಮೇಲೆತ್ತಿ, ಕುತ್ತಿಗೆ ಎಡಕ್ಕೆ ತಿರುಚಿ, ಸೊಂಟ ಬಳುಕಿಸಿ, ‘ಜುಂಯ್’ ಎಂದು ಶಬ್ದ ಮಾಡುತ್ತಾ…

ಲಟಕ್!

“ಅಯ್ಯಯ್ಯೋ! ಅಮ್ಮಾ! ಸತ್ತೆ!”

ಡೆಮೋ ನಿಂತುಹೋಯಿತು. ಸಾಹೇಬರೂ ನಿಂತುಹೋದರು. ಕೈ ಮೇಲೆ, ಕುತ್ತಿಗೆ ಓರೆ, ಬಾಯಿ ತೆರೆದೇ ಇದೆ! ವೃತ್ತದಲ್ಲಿ ನಿಲ್ಲಿಸಿದ ಕಲ್ಲಿನ ಪ್ರತಿಮೆಗೆ ಇನ್ನೇನು ಕಾಗೆಯೊಂದು ಕಮ್ಮಿ. ಡಾಕ್ಟರು ಹಾರಿಬಂದರು, ನರ್ಸು ಓಡಿಬಂದಳು, ಹೊರಗೆ ಕಾದಿದ್ದವರು ಬಾಗಿಲಲ್ಲಿ ಮುಖ ತುರುಕಿದರು. ಮಲಗಿಸಿ, ತೀಡಿ, ಸೂಜಿ ಚುಚ್ಚಿ, ದಪ್ಪನೆಯ ಕುತ್ತಿಗೆ ಬೆಲ್ಟು ಕಟ್ಟಿ, ಅಲುಗಾಡದೆ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ಹೇಳಿ, ವಾರ ಬಿಟ್ಟು ಬರಲು ತಿಳಿಸಿ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಯೇ ಮುಂದೆ ಬಂದು ಬೆನ್ನು ಕೊಟ್ಟಿತ್ತು! ಗಂಡನನ್ನು ಆಟೋಗೆ ಹತ್ತಿಸಿ, ಅವರ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಅವಳು ಮನೆಗೆ ಬಂದಳು. ಯಾವ ಭುಜಕ್ಕೆ ಎಂದರೆ, ಬಲಭುಜಕ್ಕೇ.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ವರ್ಷಗಳಿಂದ ಅವಳ ಕುತ್ತಿಗೆ ನೋಯುತ್ತಿದ್ದಾಗ ಹೇಗಿದ್ದೀಯಾ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಸಾಹೇಬರ ಕುತ್ತಿಗೆ ಲಟಕ್ ಅಂದ ಮರುದಿನವೇ ಬೀದಿಗೆ ಬೀದಿಯೇ ಹಣ್ಣಿನ ಚೀಲ ಹಿಡಿದು ಬಂತು!

“ಪಾಪ, ಎಂಥಾ ಮನುಷ್ಯನಿಗೆ ಎಂಥಾ ಗತಿ!” ಎಂದಳು ಪಕ್ಕದ ಮನೆಯಾಕೆ.

“ಹೆಂಡತಿಗೋಸ್ಕರ ಕುತ್ತಿಗೆಯನ್ನೇ ಕೊಟ್ಟ ನನ್ನ ಮಗ!” ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಂಗಡಿಯ ಯಜಮಾನರು ಸ್ವತಃ ಬಂದು, “ನೀವಿಲ್ಲದೆ ಯಂತ್ರಗಳೆಲ್ಲಾ ಮೂಕವಾಗಿವೆ,” ಎಂದು ನಿಟ್ಟುಸಿರಿಟ್ಟು ಎರಡು ಲೋಟ ಕಾಫಿ ಕುಡಿದು ಹೋದರು. ಬಂದವರಿಗೆಲ್ಲಾ ಸಾಹೇಬರು ಬೀರುವಿನಂತೆ ಇಡೀ ಮೈಯನ್ನೇ ತಿರುಗಿಸಿ ಕೂತು, ತಮ್ಮ ತ್ಯಾಗದ ಕಥೆ ಹೇಳುತ್ತಿದ್ದರು. ಅವಳು ಒಂದೇ ಕೈಯಲ್ಲಿ ತಟ್ಟೆ ಹಿಡಿದು ಕಾಫಿ ಹಂಚುತ್ತಿದ್ದಳು. ಖಾಲಿ ಲೋಟ ತೊಳೆದು ಬರುವಷ್ಟರಲ್ಲಿ ಮುಂದಿನ ತಂಡ ಚಪ್ಪಲಿ ಬಿಡುತ್ತಿತ್ತು.

ಕೂಗಿದರೆ ಕುತ್ತಿಗೆ ನರ ಎಳೆಯುತ್ತದೆ ಎಂದು ಸಾಹೇಬರು ಒಂದು ಉಪಾಯ ಹುಡುಕಿದ್ದರು. ಮಂಚದ ಪಕ್ಕದ ಗಾಜಿನ ಲೋಟಕ್ಕೆ ಚಮಚದಿಂದ ಬಡಿಯುವುದು. ಟಿಣ್ ಅಂದರೆ ನೀರು. ಟಿಣ್ ಟಿಣ್ ಅಂದರೆ ದಿಂಬು. ಎಡೆಬಿಡದೆ ಟಿಣ್ ಟಿಣ್ ಟಿಣ್ ಅಂದರೆ, “ಎಲ್ಲಿ ಸತ್ತೆ?”

ಆಗಲೇ ಅವಳು ಒಂದು ವಿಷಯ ಗಮನಿಸಿದಳು. ಅತ್ತ ಟಿಣ್ ಅಂದೊಡನೆ ಇತ್ತ ಅವಳ ಬಲಭುಜ ತಾನೇ ತಾನಾಗಿ ಕಿವಿಯ ಕಡೆ ಏರುತ್ತಿತ್ತು. ಅವಳಿನ್ನೂ ಹೆಜ್ಜೆ ಎತ್ತಿಟ್ಟಿರುತ್ತಿರಲಿಲ್ಲ, ಏನು ಬೇಕೆಂದು ಕೇಳಿಸಿಕೊಂಡಿರುತ್ತಿರಲಿಲ್ಲ. ಮೈ ಆಗಲೇ ಫೋನು ಕಚ್ಚಿಕೊಂಡು ಉತ್ತರಕ್ಕೆ ಸಿದ್ಧ! ನಲ್ಲಿ ತಿರುಗಿಸಿದೊಡನೆ ಕೊಳವೆ ನಡುಗುವ ಹಾಗೆ ನೋವು ಮೊಣಕೈವರೆಗೂ ಓಡುತ್ತಿತ್ತು. ಹಾಗಾದರೆ ನೋವು ಇರದಿರುವುದು ಯಾವಾಗ? ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ, ತಗಡು ತೂಗುಹಾಕುವಾಗ, ಆ ಡಾಕ್ಟರ ಪ್ರಶ್ನೆ ಅವಳ ಹಿಂದೆಯೇ ಸುತ್ತಿತು. ಅದೊಂದು ಪ್ರಶ್ನೆ ಮಾತ್ರ ಅವಳಿಗೆ ಭಾರವೆನಿಸಲಿಲ್ಲ.

ಒಂದು ಮಧ್ಯಾಹ್ನ ದಿಂಬು ಸರಿಪಡಿಸುವಾಗ ಗಂಡ ಅವಳ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. “ಇದು ಇಷ್ಟು ನೋಯುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೇ.”

ಅವಳ ಎದೆ ಒಂದು ಕ್ಷಣ ಮೆತ್ತಗಾಯಿತು. ಅಂತೂ ತಿಳಿಯಿತಲ್ಲ ಅಂದುಕೊಂಡಳು.

“ನಿನ್ನದೇನು ಬಿಡು,” ಅಂದರು ಸಾಹೇಬರು. “ನಿನಗೆ ರೂಢಿಯಾಗಿದೆ.”

ಅವಳು ಕೈ ಬಿಡಿಸಿಕೊಂಡು ದಿಂಬನ್ನು ನಾಲ್ಕು ಸಲ ಗುದ್ದಿದಳು. ದಿಂಬು ಮೆತ್ತಗಾಗಲಿ ಎಂದೇ ಗುದ್ದಿದ್ದು. ನಂಬುವವರು ನಂಬಬಹುದು.

ವಾರ ಕಳೆಯಿತು. ಡಾಕ್ಟರ ಹತ್ತಿರ ಮತ್ತೆ ಹೋಗಬೇಕು. ಬೀದಿಯ ಹೊಂಡಗಳನ್ನು ನೆನೆಸಿಕೊಂಡೇ ಸಾಹೇಬರ ಮುಖ ಬಿಳುಪೇರಿತು.

“ನನ್ನ ಕೈಲಿ ಆಗಲ್ಲ. ನೀನೇ ಹೋಗಿ ಹೇಳಿ ಬಾ.”

“ನಿಮ್ಮ ನೋವು ನಾನು ಹೇಳೋದಾ?”

“ಯಾಕೆ? ನಿನ್ನ ನೋವು ನಾನು ಎಷ್ಟು ಕಡೆ ಹೇಳಿಲ್ಲ! ನೋಡಿದ್ದೀಯಲ್ಲ, ಹಾಗೇ ಹೇಳು. ಸುಮ್ನೆ ಕೂತ್ಕೊಂಡು ಗೊಣಗ್ಬೇಡ. ಎದ್ದು ನಿಂತು, ಆ್ಯಕ್ಷನ್ ಮಾಡಿ ತೋರಿಸು. ಇಲ್ಲಿ ಸ್ಟಾರ್ಟ್, ಇಲ್ಲಿ ತಿರುಗುತ್ತೆ. ಎಲ್ಲಿ, ಒಂದ್ಸಲ ಮಾಡು ನೋಡೋಣ?”

ಅವಳು ಮಾಡಲಿಲ್ಲ. ತಿಂಡಿ, ಊಟ, ನೀರು, ಚಮಚ, ಲೋಟ, ಅತ್ತೆಯ ಗುಳಿಗೆ, ಎಲ್ಲಾ ಕೈಗೆಟುಕುವ ಕಡೆ ಇಟ್ಟಳು. ಓದಲು ಪೇಪರು ಕೊಟ್ಟಳು. ಸಾಹೇಬರು ಆಕಳಿಸಿ, ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಕಣ್ಣುಜ್ಜಿಕೊಂಡು ಹಾಗೇ ನಿದ್ದೆಹೋದರು. ಅವಳು ಬಾಗಿಲು ಎಳೆದುಕೊಂಡು ಹೊರಟಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಅಂದೂ ಜನ ತುಂಬಿದ್ದರು. ಗೋಡೆಗಂಟಿದ ಕುರ್ಚಿಯಲ್ಲಿ ಜಾಗ ಸಿಕ್ಕಿತು. ಎದುರಿಗೆ ಗಾಜಿನ ಕಿಂಡಿ, ಅದರ ಹಿಂದೆ ಬೇರೆ ಯಾರೋ ಹುಡುಗಿ. ಜನ ಬಗ್ಗಿ ಬಗ್ಗಿ ಅವಳನ್ನು ಕೇಳುತ್ತಿದ್ದರು. ರಕ್ತ ಪರೀಕ್ಷೆ ಎಲ್ಲಿ? ಶೌಚಾಲಯ ಎಲ್ಲಿ? ಡಾಕ್ಟರು ಬಂದ್ರಾ? ವಿಚಾರಣೆಯಕ್ಕನ ನಾಲಿಗೆ ಒಂದೆರಡು ಸಲ ಮಿಸುಕಾಡಿತು. ಉತ್ತರವನ್ನು ಆ ಹುಡುಗಿಯೇ ಹೇಳಿದಳು. ಇವಳನ್ನು ಯಾರೂ ಏನೂ ಕೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಪಕ್ಕದವರು ತೂಕಡಿಸುತ್ತಿದ್ದರು. ಕಿಟಕಿಯ ಹೊರಗೆ ಒಂದು ಮರ ಯಾರಿಗೂ ಯಾವ ಮಾಹಿತಿಯನ್ನೂ ಕೊಡದೆ ನಿಂತಿತ್ತು.

ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಅವಳು ಹಿಂದಕ್ಕೆ ತಳ್ಳಿ ಕಿವಿಗೆ ಸಿಕ್ಕಿಸಿಕೊಂಡಳು. ಸಿಕ್ಕಿಸಿಕೊಂಡಾದ ಮೇಲೆ ಹೊಳೆಯಿತು. ಎತ್ತಿದ್ದು ಬಲಗೈ!

ಅವಳು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇರೆಯವರ ಮಗುವನ್ನು ನೋಡುವಂತೆ ನೋಡುತ್ತಾ ಕೂತಳು. ಡಾಕ್ಟರುಗಳು ತಡಮಾಡಿದಷ್ಟೂ ಗಂಡ ಬೈದಾಡಿದ್ದರು. ತಾನು ಒಂದು ಸಲವೂ ಬೈದಿರಲಿಲ್ಲ. ಯಾಕೆಂದು ಈಗ ತಿಳಿಯಿತು. ಅವಳನ್ನು ಯಾರೂ ಏನೂ ಕೇಳದ ಹೊತ್ತು ಅದೊಂದೇ.

ಒಳಗೆ ಕರೆದರು.

“ಬನ್ನಿ. ಹೇಗಿದೆ ನೋವು?” ಡಾಕ್ಟರು ಕೇಳಿದರು.

ಸಾಹೇಬರ ಪಾಠ ಅವಳ ಬಾಯಲ್ಲಿ ಸಿದ್ಧವಾಗಿತ್ತು. ಇಲ್ಲಿ ಸ್ಟಾರ್ಟ್, ಇಲ್ಲಿ ತಿರುಗುತ್ತೆ. ಬಂದಿರುವುದು ಅವರ ಚೀಟಿ ಹಿಡಿದು, ಅವರ ಸರದಿಯಲ್ಲಿ. ಮನೆಯಲ್ಲಿ ಅವರು ಕಾಯುತ್ತಿದ್ದಾರೆ. ಇನ್ನು ಮ್ಯಾನೇಜರು ಹೇಳಿದ ತಿಂಗಳ ಕೊನೆಯೂ ಹತ್ತಿರದಲ್ಲೇ ಕಾಯುತ್ತಿದೆ.

“ಯಾರ ನೋವು ಡಾಕ್ಟ್ರೇ?”

“ಅದನ್ನ ನೀವೇ ಹೇಳ್ಬೇಕು.”

ಅವಳು ಗಂಡನ ಚೀಟಿಯನ್ನು ಮಡಚಿದಳು. “ನಂದು,” ಅಂದಳು.

ಆಮೇಲೆ ಕೂತೇ ಹೇಳಿದಳು. ಆ್ಯಕ್ಷನ್ನು ಇಲ್ಲ, ಜುಂಯ್ ಇಲ್ಲ. ಕಿಂಡಿ, ಫೋನು, ತಗಡು, ಮ್ಯಾನೇಜರು ಹೇಳಿದ ಪೆಟ್ಟಿಗೆಯ ಕೋಣೆ, ಟಿಣ್ ಟಿಣ್, ಏರುವ ಭುಜ, ಈಗಷ್ಟೇ ಕೂದಲು ಸಿಕ್ಕಿಸಿದ ಬಲಗೈ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಎದ್ದುಬಂದು ಅವಳ ಕುತ್ತಿಗೆ, ಭುಜ, ಬೆನ್ನು ಎಲ್ಲಾ ಬೆರಳೊತ್ತಿ ನೋಡಿದರು.

“ಒಬ್ಬ ಡಾಕ್ಟರು ಎಲ್ಲಾ ಮನಸ್ಸಲ್ಲೇ ಇದೆ ಅಂದ್ರು,” ಎಂದಳು ಅವಳು.

“ಮನಸ್ಸೇನು ಪಕ್ಕದ ಬೀದಿಯಲ್ಲಿದೆಯಾ? ಅದೂ ಇದೇ ಮೈಯೊಳಗೆ ಬಾಳೋದು. ನಿಮ್ಮ ನೋವು ನಿಜ. ಮೂಳೆ ಮುರಿದವರಿಗೆ ಎಷ್ಟು ನಿಜವೋ ಅಷ್ಟೇ ನಿಜ. ಮುಂದಿನ ಕರೆ ಯಾವಾಗ ಬರುತ್ತೋ ಅಂತ ನಿಮ್ಮ ಮೈ ವರ್ಷಗಟ್ಟಲೆ ಬಿಗಿಹಿಡಿದು ಕೂತಿದೆ. ಈಗ ಅದಕ್ಕೆ ಸಡಿಲ ಬಿಡೋದೇ ಮರೆತುಹೋಗಿದೆ.”

“ವಾಸಿ ಆಗುತ್ತಾ?”

“ಕಲಿತದ್ದನ್ನ ಮರೆಯಕ್ಕೆ ಟೈಮು ಬೇಕು. ಒಂದೇ ಗುಂಡಿ ಒತ್ತಿದ್ರೆ ಆಗೋದಲ್ಲ.” ಅವಳಿಗೆ ನಗು ಬಂತು. ಡಾಕ್ಟರಿಗೆ ಯಾಕೆಂದು ತಿಳಿಯಲಿಲ್ಲ. “ವ್ಯಾಯಾಮ ಹೇಳಿಕೊಡ್ತಾರೆ, ವಾರ ವಾರ ಬರ್ಬೇಕು. ಮಾತಾಡಕ್ಕೂ ಬರ್ಬೇಕು. ಒಬ್ಬರೇ ಬನ್ನಿ. ನಿಮ್ಮ ಮ್ಯಾನೇಜರಿಗೆ ನಾನು ಬರೆದುಕೊಡ್ತೀನಿ. ತಲೆಗೆ ಹಾಕ್ಕೊಳ್ಳೋ ಫೋನು ಕೊಡಲಿ, ತಗಡು ಬೇರೆಯವರು ತೂಗುಹಾಕಲಿ. ಪೆಟ್ಟಿಗೆ ಎತ್ತೋ ಮಾತಂತೂ ಬೇಡ.”

ಬಾಗಿಲ ತನಕ ಬಂದವಳಿಗೆ ನೆನಪಾಯಿತು. “ಡಾಕ್ಟ್ರೇ, ಅವರ ಕುತ್ತಿಗೆ?”

“ಅದು ಬರೀ ಉಳುಕು. ಇಷ್ಟು ಹೊತ್ತಿಗೆ ಸರಿಹೋಗಿರುತ್ತೆ. ಬೆಲ್ಟು ತೆಗೆದು ಎದ್ದು ಓಡಾಡಕ್ಕೆ ಹೇಳಿ. ಒಂದೆರಡು ಬಟ್ಟೆ ಹಿಂಡಿದ್ರೂ ಏನೂ ಆಗಲ್ಲ.”

ಹೊರಗೆ ಬಂದು ಕೂತು ಚೀಲಕ್ಕೆ ಕಾಗದ ಹಾಕಿಕೊಳ್ಳುತ್ತಿರುವಾಗ ಫೋನು ಹೊಡೆದುಕೊಂಡಿತು. ಭುಜ ಏರಿತು. ಅವಳು ಏರಿದ ಭುಜವನ್ನು ಗಮನಿಸಿದಳು, ಫೋನನ್ನು ಎಡಗೈಯಲ್ಲಿ ಹಿಡಿದು ಕಿವಿಗಿಟ್ಟಳು.

“ಡಾಕ್ಟ್ರಿಗೆ ಎಲ್ಲಾ ಹೇಳಿದ್ಯಾ?”

“ಹೇಳಿದೆ.”

“ಏನಂದ್ರು?”

“ನಿಜವಾದ ನೋವೇ ಅಂದ್ರು. ತುಂಬಾ ದಿನದಿಂದ ಯಾರೂ ಸರಿಯಾಗಿ ನೋಡಿಲ್ಲ ಅಂದ್ರು.”

“ನಾನು ಹೇಳ್ಲಿಲ್ವಾ!” ಸಾಹೇಬರ ದನಿ ಹೆಮ್ಮೆಯಿಂದ ಉಬ್ಬಿತು. “ಅದಕ್ಕೇ ಹೇಳೋದು, ಹೇಳೋ ಹಾಗೆ ಹೇಳ್ಬೇಕು ಅಂತ. ಅದಿರಲಿ, ನನ್ನ ಕನ್ನಡಕ ಎಲ್ಲೇ? ಎದ್ದಾಗಿನಿಂದ ಹುಡುಕ್ತಿದ್ದೀವಿ. ಅಮ್ಮ ಮಂಚದ ಕೆಳಗೆಲ್ಲಾ ಕೋಲು ಹಾಕಿ ನೋಡಿದ್ರು. ಮಗಳು ಫ್ರಿಜ್ಜೊಳಗೂ ನೋಡಿದ್ಲು. ಕತ್ತು ಬಗ್ಗಿಸಕ್ಕಾಗಲ್ಲ, ಕಣ್ಣು ಕಾಣಲ್ಲ, ನನ್ನ ಗತಿ ಏನು? ಎಲ್ಲಿಟ್ಟೆ ಹೇಳು!”

ಅವಳ ಕಣ್ಣ ಮುಂದೆ ಕನ್ನಡಕ ಸ್ಪಷ್ಟವಾಗಿ ಬಂದು ನಿಂತಿತು. ಹಣೆಯ ಮೇಲೆ, ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಎಡಕ್ಕೆ ಸ್ವಲ್ಪ ವಾಲಿಕೊಂಡು. ಮೂರು ಜನ ಸೇರಿ ಮನೆಯನ್ನೆಲ್ಲಾ ಜಾಲಾಡಿದ್ದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದು, ಹಾರಲು ರೆಕ್ಕೆ ಬಡಿಯುತ್ತಿತ್ತು. ಒಂದೇ ಮಾತು. ಹೇಳಿಬಿಟ್ಟರೆ ಮುಗಿಯಿತು. ಇಷ್ಟು ವರ್ಷ ಹಾಗೇ ಮುಗಿಸಿದ್ದಳು.

“ಲೇ, ಕೇಳಿಸ್ತಾ ಇದ್ಯಾ? ಎಲ್ಲಿದೆ?”

“ಗೊತ್ತಿಲ್ಲ,” ಅಂದಳು ವಿಚಾರಣೆಯಕ್ಕ.

ಅವಳು ಫೋನು ಆರಿಸಿ ಚೀಲದೊಳಗೆ ಹಾಕಿದಳು.

ಮನೆಯ ಕಡೆಗೆ ಹೋಗುವ ಬಸ್ಸು ಆಸ್ಪತ್ರೆಯ ಎದುರು ಇನ್ನೇನು ಬರುವ ಹೊತ್ತು. ಅದು ಈ ಊರಿನಲ್ಲಿ ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಚೀಲವನ್ನು ಬಲಗೈಯಿಂದ ಎತ್ತಿ ಪಕ್ಕದ ಕುರ್ಚಿಯ ಮೇಲಿಟ್ಟಳು. ನೋಯಿತು, ಆದರೆ ಕೈ ಎದ್ದಿತು. ಅದರ ಮುಂದಿನ ಬಸ್ಸಿಗೆ ಹೋದರಾಯಿತು ಎಂದುಕೊಂಡು, ಬೆನ್ನು ಒರಗಿಸಿ, ಕಿಟಕಿಯ ಹೊರಗಿನ ಮರವನ್ನು ನೋಡುತ್ತಾ ಕೂತಳು.